ಟ್ರ್ಯಾಕ್ ಸಾಲದೆ ಬಂದಾಗ ಬೌನ್ಸ್ ಮಾಡುವುದು ಹೇಗೆ

ಡ್ರಮ್ಸ್, ಬೇಸ್, ಗಿಟಾರ್ ಆಗುವಷ್ಟರಲ್ಲಿ ನಾಲ್ಕು ಟ್ರ್ಯಾಕಿನ (ಒಂದೊಂದು ಸದ್ದನ್ನು ಬೇರೆಬೇರೆಯಾಗಿ ಹಿಡಿದಿಡುವ ನಾಲ್ಕು ಸಾಲಿನ) ರೆಕಾರ್ಡರಿನಲ್ಲಿ ಮೂರು ಮುಗಿದಿರುತ್ತವೆ. ಇಲ್ಲೇ ನಿಲ್ಲಿಸಿ. ನಾಲ್ಕನೆಯದು ಖಾಲಿ ಇರಲಿ, ಯಾಕಂದ್ರೆ ಬೌನ್ಸ್ ಮಾಡೋಕೆ ಜಾಗ ಬೇಕು. ಮೂರನ್ನೂ ಒಟ್ಟಿಗೆ ಪ್ಲೇ ಮಾಡುತ್ತಾ ನಾಲ್ಕನೆಯದಕ್ಕೆ ರೆಕಾರ್ಡ್ ಮಾಡಿಕೊಳ್ಳುವುದೇ ಬೌನ್ಸ್; ಹಾಗೆ ಮಾಡಿದರೆ ಆ ಮೂರೂ ಟ್ರ್ಯಾಕ್ ಹೊಸದನ್ನು ತುಂಬೋಕೆ ಮತ್ತೆ ನಿಮ್ಮ ಕೈಗೆ ಸಿಗುತ್ತವೆ.

ಕೇಳೋಕೆ ಸುಲಭ. ಆದರೆ ಒಮ್ಮೆ ಬೆರೆತ ಮೇಲೆ ಬೇಸ್ ಜಾಸ್ತಿಯಾಯ್ತು ಅಂತ ಅದೊಂದನ್ನೇ ಇಳಿಸೋಕೆ ಆಗುವುದಿಲ್ಲ. ಹಾಗಾಗಿ ಮಿಕ್ಸಿಂಗ್ ತಲೆನೋವು ಈಗಲೇ ಮುಗಿಯಬೇಕು. ಹಾಡು ಇನ್ನೂ ರೆಕಾರ್ಡ್ ಆಗಿಲ್ಲ ಅಲ್ವಾ, ಹೆಡ್‌ಫೋನ್ ಹಾಕಿಕೊಂಡು ಬಾಯಲ್ಲೇ ಹಾಡಿಕೊಳ್ಳುತ್ತಾ ಫೇಡರ್‌ಗಳನ್ನು (ಪ್ರತಿ ಟ್ರ್ಯಾಕಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳನ್ನು) ಹೊಂದಿಸಿ. ಒಂಟಿಯಾಗಿ ಕೇಳಿದಾಗ ದಪ್ಪಗೆ, ಚೆನ್ನಾಗಿದ್ದ ಗಿಟಾರ್ ಬೇಸ್ ಜೊತೆ ಸೇರಿದ ಕೂಡಲೇ ಮಬ್ಬಾಗಿ ಕೇಳಿಸಿದರೆ ಅದರ ಲೋ (ತಗ್ಗು ಸ್ವರದ ಭಾಗ) ಸ್ವಲ್ಪ ಕಡಿಮೆ ಮಾಡಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ) ಸದ್ಯಕ್ಕೆ ಬೇಡ. ಆಮೇಲೆ ಹಾಕಬಹುದು, ಆದರೆ ಒಳಗೆ ಕೂತಿದ್ದನ್ನು ತೆಗೆಯೋಕೆ ಬರುವುದಿಲ್ಲ.

ಈಗ ನಾಲ್ಕನೇ ಟ್ರ್ಯಾಕನ್ನು ಮಾತ್ರ ರೆಕಾರ್ಡ್‌ಗೆ ಹಾಕಿ. ಹಲವು ಕ್ಯಾಸೆಟ್ ಮಷಿನ್‌ಗಳಲ್ಲಿ ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಕಳಿಸುವ ಗುಂಡಿ) ಎಡಕ್ಕೆ ತಿರುಗಿಸಿದರೆ ಸದ್ದು 1 ಮತ್ತು 3ನೇ ಟ್ರ್ಯಾಕಿಗೆ, ಬಲಕ್ಕೆ ತಿರುಗಿಸಿದರೆ 2 ಮತ್ತು 4ಕ್ಕೆ ಹೋಗುತ್ತದೆ. ಆದ್ದರಿಂದ ಮೂರೂ ಪ್ಯಾನ್ ಪೂರ್ತಿ ಬಲಕ್ಕಿರಲಿ. ಮೂರು ಸದ್ದು ಸೇರಿದಾಗ ಲೆವೆಲ್ ಏರೇ ಏರುತ್ತದೆ. ಪ್ಲೇ ಮಾಡಿ, ಹಾಡಿನ ಅತಿ ಜೋರಾದ ಜಾಗದಲ್ಲಿ ಮೀಟರ್ ನೋಡಿಯೇ ರೆಕಾರ್ಡ್ ಒತ್ತಿ. ಡಿಜಿಟಲ್ ಆದರೆ ಪೀಕ್ (ಮೀಟರ್ ಮುಟ್ಟುವ ಅತಿ ಮೇಲಿನ ಮಟ್ಟ) -6 ಡಿಬಿ ಹತ್ತಿರ ಇದ್ದರೆ ಸಾಕು.

ಕ್ಯಾಸೆಟ್‌ನಲ್ಲಿ ಪ್ರತಿ ಬೌನ್ಸ್‌ಗೂ ಹಿಸ್ (ಟೇಪಿನ ‘ಸ್ಸ್’ ಎಂಬ ಸದ್ದು) ಏರುತ್ತದೆ, ಸಿಂಬಲ್‌ಗಳ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆಗಳ) ಹೊಳಪು ಮಂಕಾಗುತ್ತದೆ. ಹಾಗಾಗಿ ಟ್ರೆಬಲ್ (ಮೇಲು ಸ್ವರದ ಭಾಗ) ಒಂಚೂರು ಜಾಸ್ತಿ ಇಟ್ಟೇ ಬೌನ್ಸ್ ಮಾಡಿ. ಮುಖ್ಯ ದನಿಯನ್ನು ಕೊನೆಗೆ ಉಳಿಸಿಕೊಳ್ಳಿ.

1979ರಲ್ಲಿ ಟಾಸ್ಕಾಮ್ ಪೋರ್ಟಾಸ್ಟುಡಿಯೋ ಎಂಬ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಬಂದ ಮೇಲೆ ಮನೆಯಲ್ಲೇ ರೆಕಾರ್ಡ್ ಮಾಡುವವರಿಗೆ ಇಂಥ ಲೆಕ್ಕಾಚಾರ ರೂಢಿಯಾಯಿತು. ನನಗೆ ಇಷ್ಟವಾದ ಲೆಕ್ಕ ಇದು: ಬೌನ್ಸ್ ಆಗುತ್ತಿರುವಾಗಲೇ ಇನ್ನೊಂದು ವಾದ್ಯ ನುಡಿಸಿ ಅದನ್ನೂ ಸೇರಿಸುವುದು. ನಾಲ್ಕನೇ ಟ್ರ್ಯಾಕಿನಲ್ಲಿ ನಾಲ್ಕು ಭಾಗ. ಮತ್ತೆ 1 ಮತ್ತು 2ನ್ನು ತುಂಬಿಸಿ, ಒಂದು ಲೈವ್ ಸೇರಿಸಿ 3ಕ್ಕೆ ಕಳಿಸಿದರೆ ಮೂರು ಭಾಗ. ಒಂದನೆಯದನ್ನು ಮತ್ತೆ ತುಂಬಿಸಿ, ಅದಕ್ಕೆ ಲೈವ್ ಸೇರಿಸಿ ಎರಡನೆಯದಕ್ಕೆ ಹಾಕಿದರೆ ಎರಡು. ಕೊನೆಗೆ ಖಾಲಿ ಉಳಿದ ಒಂದರಲ್ಲಿ ಹಾಡು. ಒಟ್ಟು 10, ಯಾವುದೂ ಒಂದು ಸಲಕ್ಕಿಂತ ಹೆಚ್ಚು ಬೌನ್ಸ್ ಆಗಿಲ್ಲ! ಆದರೆ ಲೈವ್ ಭಾಗದಲ್ಲಿ ಕೈ ತಪ್ಪಿದರೆ ಆ ಇಡೀ ಬೌನ್ಸ್ ಮತ್ತೆ ಮಾಡಬೇಕು.

ಡಿಜಿಟಲ್ ರೆಕಾರ್ಡರಿನಲ್ಲಿ ವರ್ಚುವಲ್ ಟ್ರ್ಯಾಕ್ (ಒಂದು ಟ್ರ್ಯಾಕಿನ ಹಿಂದೆ ಇಟ್ಟುಕೊಳ್ಳಬಹುದಾದ ಹೆಚ್ಚುವರಿ ಟ್ರ್ಯಾಕ್) ಇದ್ದರೆ ಇಷ್ಟು ಒದ್ದಾಟ ಬೇಡ. ಬೌನ್ಸನ್ನು ಅಲ್ಲಿಗೆ ಕಳಿಸಿ, ಮೂಲದ್ದು ಹಾಗೇ ಉಳಿಯುತ್ತದೆ. ಖಾಲಿ ಟ್ರ್ಯಾಕ್ ಎರಡು ಇದ್ದರೆ ಬೌನ್ಸನ್ನು ಸ್ಟೀರಿಯೋ ಮಾಡಿಕೊಳ್ಳಿ, ಗಿಟಾರ್ ಎಡಕ್ಕೆ, ಕೀಬೋರ್ಡ್ ಬಲಕ್ಕೆ ಹಾಗೇ ನಿಲ್ಲುತ್ತವೆ.

ಹಳೆಯದನ್ನು ಅಳಿಸುವ ಮುಂಚೆ ಉಳಿದ ಟ್ರ್ಯಾಕ್‌ಗಳನ್ನು ಮ್ಯೂಟ್ ಮಾಡಿ ಬೌನ್ಸ್ ಒಂದನ್ನೇ ಪೂರ್ತಿ ಕೇಳಿ, ಒಮ್ಮೆ ಸ್ಪೀಕರಿನಲ್ಲೂ. ಕೊನೆಯ ಸಿಂಬಲ್ ಪೂರ್ತಿ ಆರುವ ಮೊದಲೇ ರೆಕಾರ್ಡಿಂಗ್ ನಿಂತಿದ್ದರೆ ಇನ್ನೊಮ್ಮೆ ಮಾಡಿ.