ಹಳೆಯ ಡೆಸ್ಕ್‌ಟಾಪ್: ರಿಪೇರಿಯೋ ಬದಲಾವಣೆಯೋ, ನಾನು ತೀರ್ಮಾನಿಸಿದ ಬಗೆ

ಯಂತ್ರದ ಜಾತಕ ಇಷ್ಟು: ಇಂಟೆಲ್ ನಾಲ್ಕನೇ ಪೀಳಿಗೆಯ ಐ5-4590 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 450 ವಾಟ್ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ). ದೂರುಗಳು ಮೂರು. ಆನ್ ಮಾಡಿದರೆ ಕೈಗೆ ಸಿಗಲು ನಾಲ್ಕು ನಿಮಿಷ ಬೇಕು. ಭಾರದ ಕೆಲಸ ಕೊಟ್ಟರೆ ತಟ್ಟನೆ ಆಫ್ ಆಗುತ್ತದೆ. ಪ್ಲಗ್ ತೆಗೆದಿಟ್ಟರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಮೂರನ್ನೂ ಒಂದೇ ಗಂಟು ಕಟ್ಟಿ ‘ಹಳೆಯದಾಯಿತು, ಬದಲಿಸೋಣ’ ಎನ್ನುವುದು ಸುಲಭ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಅವನ್ನು ಬಿಡಿಸಿ ನೋಡುವ ತನಕ ನಾನು ಯಾವ ಭಾಗವನ್ನೂ ಕೊಳ್ಳಲಿಲ್ಲ.

ಗಡಿಯಾರದ್ದು ಸಣ್ಣ ಕೆಲಸ. ಬೋರ್ಡಿನ ಮೇಲಿನ ಸಿಆರ್2032 ಸೆಲ್ 3 ವೋಲ್ಟ್ ಕೊಡಬೇಕು, ಮಲ್ಟಿಮೀಟರ್ 2.6 ತೋರಿಸಿತು, ಬದಲಿಸಿದೆ. ಸೆಲ್ ತೆಗೆಯುವ ಮೊದಲು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಬಗೆ, ಯಾವುದಿದೆ ಎಂದು ಬರೆದಿಟ್ಟುಕೊಳ್ಳಿ. ಎಎಚ್‌ಸಿಐ ಇದ್ದದ್ದು ಐಡಿಇಗೆ ಮರಳಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಡಿಸ್ಕೇ ಹೋಯಿತೆಂದು ಗಾಬರಿಯಾಗುವುದು ಇಂಥಲ್ಲೇ.

ತಟ್ಟನೆ ಆಫ್ ಆಗುವುದಕ್ಕೆ ಸಾಮಾನ್ಯವಾಗಿ ಬಿಸಿಯನ್ನೇ ದೂರುತ್ತಾರೆ. ಆದರೆ ಪ್ರೊಸೆಸರ್ ಬಿಸಿಯೇರಿದಾಗ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಮಾತ್ರ ಆಫ್ ಆಗುತ್ತದೆ. ಹಾಗಾಗಿ ಮುನ್ಸೂಚನೆಯೇ ಇಲ್ಲದೆ ಆಫ್ ಆದರೆ ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ. ಈ ಯಂತ್ರದಲ್ಲಿ ಎರಡೂ ಕೆಟ್ಟಿದ್ದವು. ಪೂರ್ತಿ ಕೆಲಸ ಕೊಟ್ಟಾಗ ಪ್ರೊಸೆಸರ್ 97 ಡಿಗ್ರಿಗೆ ಹೋಗುತ್ತಿತ್ತು; ಅದರ ಮಿತಿ 100. ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಆಮೇಲೆ ಒಳಗೆ ಕೈ ಹಾಕಿದೆ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇಂಟೆಲ್ ಕೂಲರಿನ ನಾಲ್ಕು ಪಿನ್‌ಗಳನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲೆತ್ತಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು ಕೂಲರ್ ಕೂರಿಸಿದೆ. ಪಿನ್‌ಗಳನ್ನು ಎದುರುಬದುರು ಮೂಲೆಯಿಂದ ಒತ್ತಬೇಕು, ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಹೊರಬಂದಿವೆಯೇ ಎಂದು ನೋಡಬೇಕು. ಒಂದು ಪಿನ್ ಕೂರದಿದ್ದರೂ ಕೂಲರ್ ಓರೆಯಾಗಿ, ಹೊಸ ಪೇಸ್ಟ್ ಹಾಕಿಯೂ ಬಿಸಿ ಇಳಿಯುವುದಿಲ್ಲ. ಇಲ್ಲಿ 97 ಇದ್ದದ್ದು 68ಕ್ಕೆ ಇಳಿಯಿತು. ಆಫ್ ಆಗುವುದು ಮಾತ್ರ ನಿಲ್ಲಲಿಲ್ಲ.

ಎಸ್‌ಎಂಪಿಎಸ್ ಪರೀಕ್ಷೆಗೆ 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ, ಫ್ಯಾನ್ ತಿರುಗಿದರೆ ‘ಚೆನ್ನಾಗಿದೆ’ ಎನ್ನುವ ರೂಢಿಯಿದೆ. ಅದರಿಂದ ಆನ್ ಆಗುತ್ತದೆ ಎಂಬುದಷ್ಟೇ ಗೊತ್ತಾಗುತ್ತದೆ. ಭಾರ ಹೊರುತ್ತದೆಯೇ ಎಂಬುದಲ್ಲ. ಆದ್ದರಿಂದ ಯಂತ್ರ ಓಡುತ್ತಿರುವಾಗಲೇ ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ ಅಳೆದೆ. ಹಳದಿ ಮತ್ತು ಕಪ್ಪಿನ ನಡುವೆ 12 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟ್ ಇರಬೇಕು. ಶೇಕಡಾ 5ರಷ್ಟು ಏರಿಳಿತ ಸರಿ, ಅಂದರೆ 12ರದ್ದು 11.4ರಿಂದ 12.6ರ ಒಳಗಿರಬೇಕು. ಸುಮ್ಮನಿದ್ದಾಗ 12.0 ಇದ್ದದ್ದು ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟೊಡನೆ 11.2ಕ್ಕೆ ಕುಸಿಯಿತು. ಅಲ್ಲಿಗೆ ಎಸ್‌ಎಂಪಿಎಸ್ ಬದಲಿಸುವುದೆಂದು ತೀರ್ಮಾನ. ಅದನ್ನು ಬಿಚ್ಚಿ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಬದಲಿಸುವ ಕೆಲಸಕ್ಕೆ ಪಳಗಿದವರಲ್ಲದೆ ಬೇರೆಯವರು ಕೈ ಹಾಕಬಾರದು. ಪ್ಲಗ್ ತೆಗೆದ ಮೇಲೂ ಒಳಗೆ 300 ವೋಲ್ಟ್ ಮೀರಿ ಉಳಿದಿರಬಹುದು. ಕೆಲವು ಬ್ರ್ಯಾಂಡೆಡ್ ಯಂತ್ರಗಳಲ್ಲಿ 24 ಪಿನ್ನಿನ ಬದಲು ಕಂಪನಿಯದೇ ಬೇರೆ ಕನೆಕ್ಟರ್ ಇರುತ್ತದೆ, ಕ್ಯಾಬಿನೆಟ್ ಮುಚ್ಚಳ ತೆಗೆದು ನೋಡಿಕೊಂಡೇ ಕೊಳ್ಳಿ.

ಇನ್ನು ನಿಧಾನದ ವಿಷಯ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಶೇ. 10, ಮೆಮೊರಿ ಶೇ. 90, ಡಿಸ್ಕ್ ಶೇ. 100. ಪ್ರೊಸೆಸರ್ ಆರಾಮಾಗಿ ಕೂತಿದೆ, ಡಿಸ್ಕ್ ಏದುಸಿರು ಬಿಡುತ್ತಿದೆ. ಏಕೆಂದರೆ 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಜೊತೆಗೆ ತಲೆ ಸರಿಯುವ ಸಮಯ. ಒಂದು ಓದಿಗೆ ಹತ್ತು ಮಿಲಿಸೆಕೆಂಡ್ ದಾಟುತ್ತದೆ. ಸೆಕೆಂಡಿಗೆ ನೂರರೊಳಗೇ ಇಂಥ ಚದುರಿದ ಓದುಗಳು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಇದು ಹತ್ತಾರು ಸಾವಿರ. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೇ ಬರೆಯುವುದರಿಂದ 4 ಜಿಬಿಯ ಕೊರತೆಯೂ ಅದೇ ಡಿಸ್ಕಿನ ಹೆಗಲೇರಿತ್ತು.

ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ನೋಡಿದೆ. ಮುಖ್ಯವಾಗಿ ನೋಡಬೇಕಾದದ್ದು ಎರಡು ಸಾಲು: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ತುಣುಕುಗಳು), ಓದಲಾಗದೆ ಕಾದಿರುವ ಸೆಕ್ಟರುಗಳು. ಎರಡನೆಯದರಲ್ಲಿ ‘10’ ಎಂದಿತ್ತು. ಆ ಸಂಖ್ಯೆ ಹದಿನಾರರ ಪದ್ಧತಿಯದು, ಅಂದರೆ ನಿಜಕ್ಕೆ 16. ಇಂಥ ಡಿಸ್ಕ್ ಕಂಡಾಗ ಮೊದಲ ಕೆಲಸ ಬೇಕಾದ ಫೈಲ್‌ಗಳನ್ನು ಬೇರೆಡೆಗೆ ನಕಲಿಸುವುದು; ಡಿಸ್ಕ್ ಸರಿಪಡಿಸುವ ಸಾಧನಗಳನ್ನು ಅದಕ್ಕೂ ಮುಂಚೆ ಓಡಿಸಿದರೆ ಉಳಿದ ಜೀವವೂ ಹೋಗಬಹುದು. ಕ್ಲೋನ್ ಮಾಡುವ, ಅಂದರೆ ಇಡೀ ಡಿಸ್ಕನ್ನು ಇದ್ದಂತೆಯೇ ನಕಲಿಸುವ, ಆಲೋಚನೆ ಬಿಟ್ಟೆ. ಕೆಟ್ಟ ಸೆಕ್ಟರಿನಲ್ಲಿ ಕ್ಲೋನ್ ಸಿಕ್ಕಿಬೀಳುತ್ತದೆ, ಜೊತೆಗೆ 500 ಜಿಬಿ ಡಿಸ್ಕನ್ನು 480 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್‌ಜಿಲ್ಲಾ ಸಾಫ್ಟ್‌ವೇರ್ ನೇರವಾಗಿ ಇಳಿಸುವುದಿಲ್ಲ. ಫೈಲ್‌ಗಳನ್ನು ನಕಲಿಸಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಆಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟಿದ್ದೆ, ಇಲ್ಲವಾದರೆ ಬೂಟ್ ಫೈಲ್‌ಗಳು ಹಳೆಯದರಲ್ಲೇ ಕೂತುಬಿಡುತ್ತವೆ.

ಎಚ್81 ಬೋರ್ಡಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. ಈ ಬೋರ್ಡಿನಲ್ಲಿ ಚಿಕ್ಕ ಕಾರ್ಡಿನಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗವಿಲ್ಲ, ಅಡಾಪ್ಟರ್ ಹಾಕಿ ಎನ್‌ವಿಎಂಇ (ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ) ಕೂರಿಸಿದರೂ ಇಷ್ಟು ಹಳೆಯ ಬಯೋಸ್ ಅದರಿಂದ ಬೂಟ್ ಮಾಡುವುದಿಲ್ಲ. ಈ ಚಿಪ್‌ಸೆಟ್ಟಿನ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್ಟಿನವು. ಬೋರ್ಡಿನ ಮೇಲಿನ ಬರಹ ಓದಿ ಅದಕ್ಕೇ ಸಿಕ್ಕಿಸಿದೆ. ತಪ್ಪಿ 3 ಗಿಗಾಬಿಟ್ಟಿನದಕ್ಕೆ ಹಾಕಿದರೆ ದೊಡ್ಡ ಫೈಲ್ ನಕಲಿಸುವ ವೇಗ ಅರ್ಧವಾಗುತ್ತದೆ, ದಿನಬಳಕೆಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ.

ರ‍್ಯಾಮ್ ವಿಷಯದಲ್ಲಿ ಎಚ್ಚರ ಬೇಕು. ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಇಲ್ಲಿ ಕೂರುವುದೇ ಇಲ್ಲ. ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್‌ಗಳು ಎಎಮ್‌ಡಿ ಬೋರ್ಡಿಗೆ ಮಾತ್ರ. ಇಂಟೆಲ್ ಬೋರ್ಡಿನಲ್ಲಿ ಪರದೆಯೇ ಬೆಳಗುವುದಿಲ್ಲ. ಇದ್ದ 4 ಜಿಬಿಗೆ ಅದೇ 1600 ವೇಗದ ಇನ್ನೊಂದು 4 ಜಿಬಿ ಸೇರಿಸಿದೆ, ಎರಡೂ ಒಟ್ಟಿಗೆ ಎರಡು ಚಾನೆಲ್ ಆಗಿ ಓಡಲೆಂದು. ಹಳೆಯ ಸ್ಟಿಕ್ಕಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಒರೆಸಿ ಕೂರಿಸಿದೆ. ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86ರ ನಾಲ್ಕು ಸುತ್ತು ರಾತ್ರಿಯಿಡೀ. ಒಂದೇ ಒಂದು ತಪ್ಪು ಬಂದರೂ ಒಪ್ಪಬಾರದು. ಒಂದೊಂದು ಸ್ಟಿಕ್ಕನ್ನು ಒಂದೊಂದು ಸ್ಲಾಟಿನಲ್ಲಿ ಬೇರೆಯಾಗಿ ಪರೀಕ್ಷಿಸಿದರೆ ಕೆಟ್ಟದ್ದು ಸ್ಟಿಕ್ಕೋ ಸ್ಲಾಟೋ ತಿಳಿಯುತ್ತದೆ.

ಇಷ್ಟಕ್ಕೂ ಹಣ ಹಾಕುವ ಮೊದಲು ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡಿದ್ದೆ: ಇದು ಮುಂದಿನ ಯಂತ್ರಕ್ಕೂ ಬರುತ್ತದೆಯೇ? ಎಸ್‌ಎಸ್‌ಡಿ ಬರುತ್ತದೆ. ಎಸ್‌ಎಂಪಿಎಸ್ ಸಹ ಬರುತ್ತದೆ. ಅದಕ್ಕೇ ಪ್ರೊಸೆಸರಿಗೆ 4+4 ಪಿನ್ನಿನ ಕನೆಕ್ಟರ್ ಇರುವುದನ್ನೇ ಆರಿಸಿದೆ, ಹೊಸ ಬೋರ್ಡುಗಳು ಎಂಟು ಪಿನ್ ಕೇಳುತ್ತವೆ. ಡಿಡಿಆರ್3 ಬರುವುದಿಲ್ಲ, ಆದ್ದರಿಂದ 8 ಜಿಬಿಗೇ ನಿಲ್ಲಿಸಿದೆ. ಈ ಬೋರ್ಡ್ 16 ಜಿಬಿವರೆಗೆ ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿದ್ದೂ. ಬಳಸಿದ ಐ7-4790 ಸಿಕ್ಕರೆ ಹಾಕಬಹುದಿತ್ತು, ಆದರೆ ಶೇ. 10ರಲ್ಲಿ ಸುಮ್ಮನಿರುವ ಪ್ರೊಸೆಸರನ್ನು ಬದಲಿಸಿ ಪ್ರಯೋಜನವಿಲ್ಲ. ಲೆಕ್ಕ ಹಾಕುವಾಗ ಮುಂದಕ್ಕೂ ಬರುವ ಭಾಗಗಳನ್ನು ಬದಿಗಿಟ್ಟು, ಇಲ್ಲೇ ಮುಗಿಯುವ ಖರ್ಚು ಮಾತ್ರ ಕೂಡಿಸುತ್ತೇನೆ. ಅದು ಹೊಸ ಯಂತ್ರದ ಬೆಲೆಯ ಕಾಲುಭಾಗ ದಾಟಿದರೆ ರಿಪೇರಿ ಬೇಡ.

ಸಾಫ್ಟ್‌ವೇರಿನ ಗಡುವನ್ನು ಮಾತ್ರ ಯಾವ ಭಾಗ ಬದಲಿಸಿದರೂ ದಾಟಲಾಗದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 (ಭದ್ರತೆಯ ಚಿಪ್) ಜೊತೆಗೆ ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಕೇಳುತ್ತದೆ. ನಾಲ್ಕನೇ ಪೀಳಿಗೆ ಆ ಪಟ್ಟಿಯಲ್ಲಿಲ್ಲ. ಬರವಣಿಗೆ, ಲೆಕ್ಕಪತ್ರ, ಬ್ರೌಸರ್ ಇಷ್ಟೇ ಕೆಲಸವಾದ್ದರಿಂದ ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ ಹಾಕಿದೆ. ಅದಕ್ಕೂ ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪ್ರಿಂಟರ್, ಸ್ಕ್ಯಾನರ್, ಧ್ವನಿ ಮೂರನ್ನೂ ಪರೀಕ್ಷಿಸಿದ್ದೆ. ಈಗ ಬೂಟ್ ಆಗಲು ಇಪ್ಪತ್ತೈದು ಸೆಕೆಂಡ್. ವಿಂಡೋಸ್‌ನಲ್ಲೇ ಓಡುವ ಸಾಫ್ಟ್‌ವೇರ್ ಅನಿವಾರ್ಯವಾಗಿದ್ದರೆ ನಾನು ಈ ಯಂತ್ರಕ್ಕೆ ಎಸ್‌ಎಸ್‌ಡಿ ಬಿಟ್ಟು ಬೇರೇನೂ ಕೊಳ್ಳುತ್ತಿರಲಿಲ್ಲ.

ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಸಪಾಟಾಗಿದ್ದವು, ಯುಎಸ್‌ಬಿ ಪೋರ್ಟ್‌ಗಳೆಲ್ಲ ಜೀವಂತವಾಗಿದ್ದವು. ರಿಪೇರಿಗೆ ಒಪ್ಪಿದ್ದು ಆ ಧೈರ್ಯದ ಮೇಲೆ. ಕೆಪಾಸಿಟರುಗಳು ಉಬ್ಬಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಇದೇ ಸಾಕೆಟ್ಟಿಗೆ ಬಳಸಿದ ಬೋರ್ಡ್ ಹುಡುಕುವುದೆಂದರೆ ಇನ್ನೊಂದು ಅಷ್ಟೇ ವಯಸ್ಸಾದದ್ದನ್ನು ತಂದಂತೆ. ಹೊಸ ಬೋರ್ಡ್ ತಂದರೆ ಪ್ರೊಸೆಸರ್, ರ‍್ಯಾಮ್ ಎರಡೂ ಅದರ ಜೊತೆ ಬದಲಾಗಲೇಬೇಕು.