ವೃತ್ತದೊಳಗೆ ಅಕ್ಷರ ಕೂರಿಸುವುದು ಹೇಗೆ

ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್ ಕಾಲದಲ್ಲಿ ನಾನು ಪ್ರಶ್ನೆಪತ್ರಿಕೆಗಳ ಡಿಟಿಪಿ ಮಾಡುತ್ತಿದ್ದೆ. ಅ, ಆ, ಇ, ಈ ಆಯ್ಕೆಗಳ ಸುತ್ತ ವೃತ್ತ ಬೇಕೆಂದರೆ ಒಂದೊಂದನ್ನೂ ಬೇರೆಯಾಗಿ ಬರೆದು ಅಕ್ಷರದ ಮೇಲೆ ಎಳೆದು ತರಬೇಕಿತ್ತು. ಕೊನೇ ಗಳಿಗೆಯಲ್ಲಿ ಮೇಷ್ಟ್ರು ಒಂದು ಪ್ರಶ್ನೆ ತೆಗೆಸಿದರೆ ಮುಗಿಯಿತು, ಅಕ್ಷರಗಳೆಲ್ಲ ಮೇಲೆ ಸರಿಯುತ್ತಿದ್ದವು, ವೃತ್ತಗಳು ಖಾಲಿ ಬಳೆಗಳ ಹಾಗೆ ಅಲ್ಲೇ ಉಳಿಯುತ್ತಿದ್ದವು.

ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ವೃತ್ತವೂ ಅಕ್ಷರವೂ ಒಂದೇ ಆಗಿರುವ ಚಿಹ್ನೆಗಳಿವೆ ಎಂದು ತಿಳಿದಾಗ ಖುಷಿಯೋ ಖುಷಿ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ① ಎಂದು ಟೈಪಿಸಿದರೆ ① ಬರುತ್ತದೆ; 9331ರವರೆಗೆ ಹೋದರೆ ⑳. ಇಂಗ್ಲಿಷ್ ದೊಡ್ಡಕ್ಷರಗಳು 9398ರಿಂದ 9423, ಸಣ್ಣವು 9424ರಿಂದ 9449. ಸೊನ್ನೆ ಮಾತ್ರ ತಡವಾಗಿ ಬಂದ ನೆಂಟನಂತೆ 9450ರಲ್ಲಿ ಕೂತಿದೆ. 21ರಿಂದ 35 ಬೇಕಿದ್ದರೆ 12881ರಿಂದ ಹುಡುಕಿ. ವಾಟ್ಸಾಪ್ ಸಂದೇಶಕ್ಕೆ ಇವು ಹೇಳಿ ಮಾಡಿಸಿದಂತಿವೆ, ವೆಬ್ ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್ ಅಲ್ಲಿ ನಡೆಯುವುದಿಲ್ಲವಲ್ಲ.

ಒಂದು ಖಾನಾವಳಿಯ ದರಪಟ್ಟಿಯಲ್ಲಿ ನಾನು ಎಡವಿದೆ. ಅಡಿಟಿಪ್ಪಣಿಯ ಗುರುತೆಂದು ₹45① ಎಂದು ಹಾಕಿದ್ದೆ. ಪಠ್ಯವನ್ನು ಬೇರೊಂದು ತಂತ್ರಾಂಶಕ್ಕೆ ಸಾಗಿಸಿದಾಗ ಅದು ಚಿಹ್ನೆಗಳನ್ನೆಲ್ಲ ಸಾದಾ ಅಂಕಿಗೆ ಇಳಿಸಿಬಿಟ್ಟಿತು. ಜೋಳದ ರೊಟ್ಟಿ ಊಟ ₹451! ಎನ್‌ಎಫ್‌ಕೆಸಿ ಎಂಬ ಏಕರೂಪಗೊಳಿಸುವ ಕ್ರಮದಲ್ಲಿ ① ಎಂದರೆ 1 ಅಷ್ಟೇ. ಅಂದಿನಿಂದ ಅಂಕಿಯ ಪಕ್ಕಕ್ಕೆ ಇವನ್ನು ಅಂಟಿಸುವುದಿಲ್ಲ.

ಇನ್ನೊಂದು ಕಾಟ ಬಣ್ಣದ್ದು. Ⓜ, 🅿 ಇಂಥ ಕೆಲವು ಎಮೋಜಿ ಪಟ್ಟಿಯಲ್ಲೂ ಇವೆ, ಫೋನಿನಲ್ಲಿ ಬಣ್ಣದ ಬಿಲ್ಲೆಯಾಗಿ ಎದ್ದು ಕಾಣುತ್ತವೆ. ಬೇಡವೆಂದರೆ ಬೆನ್ನಿಗೇ, ಸಾದಾ ರೂಪ ಸಾಕೆಂದು ಸೂಚಿಸುವ ︎ ಸೇರಿಸಿ. ರಕ್ತದಾನ ಶಿಬಿರದ ಸಂದೇಶಕ್ಕಾದರೆ 🅰 🅱 🅾 ಹಾಗೇ ಇರಲಿ, ಎಮೋಜಿಯಾಗಿ ಅವು ರಕ್ತದ ಗುಂಪಿನ ಗುರುತುಗಳೇ.

ಈಗ ನಮ್ಮ ಕನ್ನಡ. ವೃತ್ತದೊಳಗಿನ ಕನ್ನಡ ಅಕ್ಷರ ಯುನಿಕೋಡ್‌ನಲ್ಲಿ ಇಲ್ಲ. ಹಿಂದಿನ ಅಕ್ಷರವನ್ನು ಸುತ್ತುವರಿಯುವ ⃝ ಎಂಬ ಚಿಹ್ನೆಯೇನೋ ಇದೆ. ನಾನು ಪ್ರಯತ್ನಿಸಿದ ಫಾಂಟುಗಳಲ್ಲಿ ವೃತ್ತ ಒಂದು ಕಡೆ, ಅಕ್ಷರ ಒಂದು ಕಡೆ. ಹಳೇ ಬಳೆಗಳೇ ಮತ್ತೆ ಬಂದಂತೆ.

ಆದ್ದರಿಂದ ವೆಬ್ ಪುಟದಲ್ಲಿ ಸಾದಾ ‘ಅ’ ಟೈಪಿಸಿ, ಅದನ್ನು ಸ್ಪ್ಯಾನ್ ಎಂಬ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿಟ್ಟು, ವೃತ್ತವನ್ನು ಸಿಎಸ್‌ಎಸ್‌ಗೆ ಬಿಡಿ. ಡಿಸ್‌ಪ್ಲೇ ಇನ್‌ಲೈನ್-ಫ್ಲೆಕ್ಸ್, ಎರಡೂ ದಿಕ್ಕಿಗೆ ನಡುವೆ ಕೂರಿಸಿ. ಅಗಲ, ಎತ್ತರ ಎರಡೂ 1.8 ಎಮ್ (ಅಕ್ಷರದ ಗಾತ್ರದ 1.8 ಪಟ್ಟು); ಬಾರ್ಡರ್ 1 ಪಿಕ್ಸೆಲ್, ಬಾರ್ಡರ್-ರೇಡಿಯಸ್ 50%. ‘ಕ್ಷ’ದಂಥ ಒತ್ತಕ್ಷರ ಬಂದರೆ 1.8 ಸಾಲದು, ಕೆಳಗಿನ ಒತ್ತು ಗೆರೆಗೆ ತಾಗುತ್ತದೆ, 2.2ಕ್ಕೆ ಏರಿಸಿ. ಅಗಲ, ಎತ್ತರದ ಅಳತೆ ಪಿಕ್ಸೆಲ್‌ನಲ್ಲಿ ಬೇಡ. ಅಕ್ಷರ ದೊಡ್ಡದಾದರೆ ವೃತ್ತವೂ ಜೊತೆಗೆ ದೊಡ್ಡದಾಗಬೇಕು.

ಬರೀ ಕ್ರಮಸಂಖ್ಯೆ ಸಾಕೆಂದರೆ ಪಟ್ಟಿಯ ಲಿಸ್ಟ್-ಸ್ಟೈಲ್-ಟೈಪ್‌ಗೆ ‘kannada’ ಎಂಬ ಬೆಲೆ ಕೊಡಿ, ೧, ೨, ೩ ತಾನಾಗಿ ಬರುತ್ತವೆ. ಆದರೆ ಆಯ್ಕೆಗಳನ್ನು ನಾನು ಕೈಯಾರೆ ಟೈಪಿಸುತ್ತೇನೆ. ‘ಸರಿಯುತ್ತರ ಇ’ ಎಂದು ಇನ್ನೊಂದು ಕಡೆ ಬರೆದಿರುತ್ತೇವೆ, ಆ ‘ಇ’ ಪಠ್ಯದಲ್ಲಿ ನಿಜವಾಗಿಯೂ ಇರಬೇಕು.

ಬಿಲ್ ಕೊಡುವ ಮುಂಚೆ ಇಡೀ ಪುಟವನ್ನು ನೋಟ್‌ಪ್ಯಾಡ್‌ಗೆ ನಕಲಿಸಿ ನೋಡುತ್ತೇನೆ. ವೃತ್ತಗಳೆಲ್ಲ ಮಾಯವಾಗಿ ಅ, ಆ, ಇ, ಈ ತಮ್ಮ ತಮ್ಮ ಸಾಲಿನಲ್ಲೇ ನಿಂತಿದ್ದರೆ ಕೆಲಸ ಆಯಿತು.