ಸವೆದ ವಸ್ತುಗಳ ಪಟ್ಟಿ: ಹದಿಹರೆಯದ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ

ನನ್ನ ಮೂವರು ಅಕ್ಕಂದಿರಿಗೆ ಒಟ್ಟು ಏಳು ಮಕ್ಕಳು. ಕಿರಿಯವಳಿಗೆ ಹತ್ತು ವರ್ಷ, ಹಿರಿಯವನಿಗೆ ಹದಿನೆಂಟು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಾನು ಪ್ರತಿವರ್ಷ ಡಿಸೆಂಬರ್ 23ರ ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಹೊರಡುವಾಗ ಚೀಲದಲ್ಲಿ ಏಳು ಪೊಟ್ಟಣಗಳಿರಬೇಕು. ಮಾವ್ಶಿ, ಅಂದರೆ ಕೊಂಕಣಿಯಲ್ಲಿ ಚಿಕ್ಕಮ್ಮ, ಆದವಳಿಗೆ ಅದರಿಂದ ವಿನಾಯಿತಿ ಇಲ್ಲ. ಮಕ್ಕಳು ಚಿಕ್ಕವರಾಗಿದ್ದಾಗ ಆಟಿಕೆ ಅಂಗಡಿಯಲ್ಲಿ ಅರ್ಧ ಗಂಟೆ ಕಳೆದರೆ ಎಲ್ಲ ಮುಗಿಯುತ್ತಿತ್ತು. ಅವರು ಒಬ್ಬೊಬ್ಬರಾಗಿ ಹನ್ನೊಂದು, ಹನ್ನೆರಡು ದಾಟತೊಡಗಿದ ಮೇಲೆ ನನ್ನ ಲೆಕ್ಕ ತಪ್ಪಲು ಆರಂಭವಾಯಿತು.

ಒಂದು ವರ್ಷ ಅಣ್ಣತಮ್ಮಂದಿರಿಬ್ಬರಿಗೆ ಒಂದೇ ಬಗೆಯ ಕೈಗಡಿಯಾರವನ್ನು ಬೇರೆ ಬೇರೆ ಬಣ್ಣದಲ್ಲಿ ಕೊಂಡೊಯ್ದಿದ್ದೆ. ಹದಿಮೂರರ ಅಣ್ಣ ಬಹಳ ಮರ್ಯಾದೆಯಿಂದ ಧನ್ಯವಾದ ಹೇಳಿ, ಹೊಸ ವರ್ಷಕ್ಕೆ ಮೊದಲೇ ತನ್ನದನ್ನೂ ತಮ್ಮನಿಗೆ ಕೊಟ್ಟುಬಿಟ್ಟ. ಇನ್ನೊಂದು ವರ್ಷ, ವಿಜ್ಞಾನದಲ್ಲಿ ಆಸಕ್ತಿ ಹುಟ್ಟಲಿ ಎಂಬ ನನ್ನದೇ ಆಸೆಯಿಂದ ಅಗ್ಗದ ದೂರದರ್ಶಕವೊಂದನ್ನು ಹನ್ನೆರಡರ ಹುಡುಗಿಗೆ ಕೊಟ್ಟೆ. ಅದರ ಕಾಲುಗಳು ಎಷ್ಟು ಅಲುಗುತ್ತಿದ್ದವೆಂದರೆ ಚಂದ್ರ ಒಂದು ಕ್ಷಣವೂ ಕಣ್ಣಿಗೆ ನಿಲ್ಲುತ್ತಿರಲಿಲ್ಲ, ಮತ್ತು ಅವಳು ಆಕಾಶದ ವಿಷಯವನ್ನು ನನ್ನ ಬಳಿ ಎಂದೂ ಎತ್ತಿದವಳೇ ಅಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆಗಿನಿಂದ ನನ್ನ ಆಯ್ಕೆ ಸೆಪ್ಟೆಂಬರ್ 8ರಂದು, ಕರಾವಳಿಯ ಕ್ಯಾಥೊಲಿಕರು ಮೇರಿಮಾತೆಯ ಜನ್ಮದಿನವಾಗಿ ಆಚರಿಸುವ ಮೊಂತಿ ಹಬ್ಬದ ದಿನವೇ ಆರಂಭವಾಗುತ್ತದೆ. ಹೊಸ ತೆನೆಯ ಆಶೀರ್ವಾದ ಮುಗಿದು ಸಸ್ಯಾಹಾರದ ಊಟಕ್ಕೆ ಇಡೀ ಕುಟುಂಬ ಸೇರುವ ಆ ದಿನ ಮಕ್ಕಳ ಮೇಜು, ಚೀಲ, ಕಪಾಟುಗಳ ಆಸುಪಾಸಿನಲ್ಲಿ ಸುಮ್ಮನೆ ಓಡಾಡುತ್ತೇನೆ. ನಾನು ಹುಡುಕುವುದು ಒಂದನ್ನೇ: ಅವರ ಕೈಯಲ್ಲಿ ಏನು ಸವೆದಿದೆ? ಏನು ಬೇಕೆಂದು ಕೇಳಿದರೆ ಈ ವಯಸ್ಸಿನವರು ‘ಏನೂ ಬೇಡ’ ಎನ್ನುತ್ತಾರೆ, ಇಲ್ಲವೇ ಮೊಬೈಲ್ ಎನ್ನುತ್ತಾರೆ. ಆದರೆ ಮೊಂಡಾದ ಪೆನ್ಸಿಲು, ಬಿಚ್ಚಿಕೊಂಡ ರಾಕೆಟ್ ಹಿಡಿ, ತುಕ್ಕು ಹಿಡಿದ ಗಿಟಾರ್ ತಂತಿಗಳನ್ನು ನೋಡಿದವರಿಗೆ ಆ ಮಕ್ಕಳು ಯಾರೂ ಹೇಳದೆಯೇ ದಿನವೂ ಮಾಡುತ್ತಿರುವುದು ಯಾವುದೆಂದು ತಿಳಿಯುತ್ತದೆ. ಅದನ್ನು ಬರೆದಿಟ್ಟುಕೊಂಡು ಬೆಂಗಳೂರಿಗೆ ಮರಳುತ್ತೇನೆ.

ನಂತರದ ಎರಡು ತಿಂಗಳು ಕಲಿಯುವ ಸರದಿ ನನ್ನದು, ಏಕೆಂದರೆ ಈ ವಯಸ್ಸಿನವರಿಗೆ ವಸ್ತುವಿನ ಸೂಕ್ಷ್ಮ ವಿವರಗಳು ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಜಲವರ್ಣದಲ್ಲಿ ಚಿತ್ರ ಬಿಡಿಸುವ ಹನ್ನೊಂದರ ಹುಡುಗಿಯ ಪುಸ್ತಕದಲ್ಲಿ ಪ್ರತಿ ಹಾಳೆಯೂ ನೀರು ಹೀರಿ ಸುರುಟಿಕೊಂಡಿತ್ತು. ಅವಳಿಗೆ ಮತ್ತೊಂದು ಬಣ್ಣದ ಪೆಟ್ಟಿಗೆಯ ಅಗತ್ಯವಿರಲಿಲ್ಲ; 300 ಜಿಎಸ್ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪನೆಯ ಜಲವರ್ಣದ ಕಾಗದ ಬೇಕಿತ್ತು. ಚರ್ಚಿನ ಗಾಯನ ವೃಂದದಲ್ಲಿ ಗಿಟಾರ್ ನುಡಿಸುವ ಹದಿನಾರರವಳಿಗೆ ತಂತಿ ಕೊಳ್ಳಲು ಹೋದಾಗ, ಅವಳದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೋ ಉಕ್ಕಿನ ತಂತಿಯ ಅಕೌಸ್ಟಿಕ್ಕೋ ಎಂದು ಅಂಗಡಿಯವರು ಕೇಳಿದರು. ಉಕ್ಕಿನ ತಂತಿಯ ಎಳೆತ ಹೆಚ್ಚಾಗಿರುವುದರಿಂದ ಅದನ್ನು ಕ್ಲಾಸಿಕಲ್ ಗಿಟಾರಿಗೆ ಬಿಗಿದರೆ ತಂತಿಗಳನ್ನು ಹಿಡಿದಿಡುವ ಬ್ರಿಜ್ ಕಿತ್ತು ಬರಬಹುದು ಎಂಬುದನ್ನು ನಾನು ಅಂದು ಕಲಿತೆ, ಮತ್ತು ಅಕ್ಕನಿಂದ ಗಿಟಾರಿನ ಫೋಟೋ ತರಿಸಿಕೊಂಡು ಮರುದಿನ ಮತ್ತೆ ಹೋದೆ. ಬ್ಯಾಡ್ಮಿಂಟನ್ ಆಡುವ ಹುಡುಗನಿಗೆ ಹಿಡಿಗೆ ಸುತ್ತುವ ಗ್ರಿಪ್ ಜೊತೆಗೆ ನೈಲಾನ್ ಶಟಲ್‌ಗಳ ಡಬ್ಬಿ ತಂದಾಗ ಹಸಿರು ಪಟ್ಟಿಯದನ್ನು ಆರಿಸಿದ್ದೆ. ಬಿಸಿ ಗಾಳಿಯಲ್ಲಿ ಶಟಲ್ ಬೇಗ ಹಾರುವುದರಿಂದ ಸೆಕೆಯ ಊರುಗಳಿಗೆ ನಿಧಾನಗತಿಯ ಹಸಿರೇ ಸರಿ, ನೀಲಿ ಮಧ್ಯಮ, ಕೆಂಪು ವೇಗದ್ದು. ಡಬ್ಬಿ ತೆರೆದೊಡನೆ ಅವನು ಪಟ್ಟಿಯ ಬಣ್ಣ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಏಳು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಪ್ರಶಸ್ತಿ ಅದು.

ಹಣದ ವಿಷಯದಲ್ಲಿ ತಲೆಗೆ ಸಾವಿರ ರೂಪಾಯಿಯ ಮಿತಿಯಿದೆ. ಮಕ್ಕಳು ಪರಸ್ಪರ ಬೆಲೆ ಹೋಲಿಸುವುದರಲ್ಲಿ ನಿಪುಣರು. ದೊಡ್ಡದೇನಾದರೂ ಬೇಕಾದರೆ ಅಕ್ಕಂದಿರೂ ಸೇರಿ ಪಾಲು ಹಾಕುತ್ತೇವೆ. ಮೊಬೈಲ್, ಸ್ಮಾರ್ಟ್‌ವಾಚ್, ಸೌಂದರ್ಯವರ್ಧಕಗಳನ್ನು ತಂದೆತಾಯಿಯನ್ನು ಕೇಳದೆ ನಾನು ತರುವುದಿಲ್ಲ. ಬಟ್ಟೆಯನ್ನಂತೂ ಬಿಟ್ಟೇಬಿಟ್ಟಿದ್ದೇನೆ: ಮೊಂತಿ ಹಬ್ಬದಲ್ಲಿ ಕಂಡ ಅಳತೆ ಕ್ರಿಸ್‌ಮಸ್ಸಿಗೆ ಇರುವುದಿಲ್ಲ, ಅಳತೆ ಸರಿಯಿದ್ದರೆ ಬಣ್ಣ ಒಪ್ಪುವುದಿಲ್ಲ. ಹದಿನೈದು ದಾಟಿದವರಲ್ಲಿ ಕೆಲವರಿಗೆ ಹಣವೇ ಇಷ್ಟ. ಹತ್ತು ವರ್ಷ ದಾಟಿದವರು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲಿಯೇ ತಿಳಿಸಿರುವುದರಿಂದ, ಅಂಥವರ ಹೆಸರಿನ ಖಾತೆಗೇ ಹಾಕುತ್ತೇನೆ. ಕೈಗೆ ಕೊಟ್ಟ ನೋಟು ಮನೆಯ ತುರ್ತಿಗೆ ಸಾಲವಾಗಿ ಹೋಗಿ ಮರಳಿ ಬಾರದ ಉದಾಹರಣೆಗಳು ನಮ್ಮಲ್ಲಿವೆ.

ಕೊಡುವ ರೀತಿಯನ್ನೂ ಬದಲಿಸಿದ್ದೇನೆ. ಮೊದಲು 24ರ ರಾತ್ರಿ ಚರ್ಚಿನ ಬಲಿಪೂಜೆ ಮುಗಿಸಿ ಬಂದು, ಕುಸ್ವಾರದ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಯ ಸುತ್ತ ಎಲ್ಲರೂ ಕುಳಿತಿರುವಾಗ ಪೊಟ್ಟಣ ಬಿಚ್ಚಿಸುತ್ತಿದ್ದೆವು. ಹತ್ತರ ಹುಡುಗಿಗೆ ಅದೇ ಹಬ್ಬ, ಹದಿನಾಲ್ಕರವನಿಗೆ ಅದು ಪರೀಕ್ಷೆ. ಅಜ್ಜಿಯಿಂದ ಹಿಡಿದು ನೆರೆಯವರವರೆಗೆ ಎಲ್ಲರೂ ನೋಡುತ್ತಿರುವಾಗ ಅವನು ಸಂತೋಷವನ್ನು ನಟಿಸಬೇಕಾಗುತ್ತಿತ್ತು. ಈಗ ದೊಡ್ಡವರ ಪೊಟ್ಟಣಗಳನ್ನು ಅವರವರ ಮೇಜಿನ ಮೇಲೆ ಇಟ್ಟು, ಬದಲಾಯಿಸಿಕೊಳ್ಳಲು ಅನುಕೂಲವಾಗಲೆಂದು ಅಂಗಡಿಯ ರಸೀದಿಯನ್ನೂ ಲಕೋಟೆಯಲ್ಲಿ ಸೇರಿಸುತ್ತೇನೆ.

ಹಿರಿಯವನು ದ್ವಿತೀಯ ಪಿಯುಸಿಯಲ್ಲಿದ್ದ ವರ್ಷ ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬರೆಯಲು ಏನೂ ಸಿಗಲಿಲ್ಲ. ರಾಕೆಟ್ ಮೂಲೆ ಸೇರಿತ್ತು, ಕೀಬೋರ್ಡಿನ ಮೇಲೆ ಧೂಳಿತ್ತು. ಸವೆದದ್ದೆಂದರೆ ಪ್ರಶ್ನೆಪತ್ರಿಕೆಗಳ ಕಟ್ಟು ಮತ್ತು ಅವನೇ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ವಾರ ಬೆಂಗಳೂರಿಗೆ ಬಾ, ಬಸ್ಸಿನ ಖರ್ಚು ನನ್ನದು, ಕಾರ್ಯಕ್ರಮ ನಿನ್ನದು ಎಂದು ಚೀಟಿ ಬರೆದು ಲಕೋಟೆಯಲ್ಲಿಟ್ಟೆ. ಮೇ ತಿಂಗಳಲ್ಲಿ ಬಂದವನು ಮೊದಲ ಎರಡು ದಿನ ಬರೀ ನಿದ್ದೆ ಮಾಡಿದ. ಮೂರನೆಯ ದಿನ ಬೆಳಿಗ್ಗೆ ಎದ್ದು, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳು ಎಷ್ಟು ಗಂಟೆಗೆ ತೆರೆಯುತ್ತವೆ ಎಂದು ಕೇಳಿದ.